ಬೆರೆಸುವ ಮುನ್ನ ಉಳಿಸಬೇಕಾದ್ದು

— ಕಡಲ ಚಿಪ್ಪುಜೀವಿಗಳಲ್ಲೂ ಮಿಶ್ರತಳಿ ಮಾಡುತ್ತಾರೆ ಅಂದಿರಿ. ಜೋಳದ್ದು, ಹತ್ತಿಯದ್ದು, ದನದ್ದು ಕೇಳಿ ಗೊತ್ತು. ಆದರೆ ಸಿಂಪಿಯೋ ಸ್ಕ್ಯಾಲಪ್ಪೋ ನಾವು ಮೇವು ಹಾಕಿ ಸಾಕುವ ಪ್ರಾಣಿಯಲ್ಲವಲ್ಲ. ನೀರಲ್ಲಿ ತೇಲಿ ಬಂದದ್ದನ್ನು ಸೋಸಿ ತಿಂದು ತನ್ನ ಪಾಡಿಗೆ ಬೆಳೆಯುತ್ತದೆ. ಒಂದೊಂದು ಹೆಣ್ಣು ಸಿಂಪಿ ಒಂದೇ ಸಲಕ್ಕೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಇಷ್ಟು ಧಾರಾಳವಾಗಿ ಹೆರುವ ಜೀವಿಗೆ ಬೇರೆ ಊರಿನ ಸಂಬಂಧ ಹುಡುಕಿ ತರುವ ಅಗತ್ಯವಾದರೂ ಏನು?

— ಆ ಧಾರಾಳದಲ್ಲೇ ತೊಂದರೆಯೂ ಇದೆ. ಹತ್ತು ಹಸುವಿನಿಂದ ವರ್ಷಕ್ಕೆ ಹತ್ತು ಕರು. ಹಾಗಾಗಿ ಹಟ್ಟಿ ತುಂಬಬೇಕಾದರೆ ಹಲವು ತಾಯಂದಿರು ಬೇಕೇ ಬೇಕು. ಸಿಂಪಿಯ ಹ್ಯಾಚರಿಗೆ ಆ ಒತ್ತಾಯವಿಲ್ಲ. ನಾಲ್ಕಾರು ತಾಯಿ, ನಾಲ್ಕಾರು ತಂದೆ ಸಿಕ್ಕರೆ ಇಡೀ ತೊಟ್ಟಿ ಮರಿಗಳಿಂದ ತುಂಬಿಹೋಗುತ್ತದೆ. ಮರುವರ್ಷ ಆ ಮರಿಗಳಲ್ಲೇ ದಪ್ಪನಾದವನ್ನು ಆರಿಸಿ ಮತ್ತೆ ಮೊಟ್ಟೆಗೆ ಇಡುತ್ತಾರೆ. ಹೀಗೆ ಮೂರು ನಾಲ್ಕು ಪೀಳಿಗೆ ಕಳೆದರೆ ಒಂದು ಕೊಲ್ಲಿಯ ಬಲೆಗಳಲ್ಲಿ ತೂಗುವುದೆಲ್ಲ ಅಣ್ಣತಮ್ಮ ಅಕ್ಕತಂಗಿಯರೇ. ಲೆಕ್ಕಕ್ಕೆ ಕೋಟಿ ಜೀವ. ರಕ್ತಸಂಬಂಧದಲ್ಲಿ ನೋಡಿದರೆ ಒಂದು ಸಣ್ಣ ಮನೆತನ. ಚೀನಾದಲ್ಲಿ ಬೇ ಸ್ಕ್ಯಾಲಪ್‌ನ ಕಥೆ ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಅದು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಜೀವಿ. ಬೀಸಣಿಗೆಯ ಹಾಗೆ ಗೆರೆಗೆರೆಯಾದ ಎರಡು ಚಿಪ್ಪು; ಬಾಯಿ ತೆರೆದಾಗ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಹತ್ತಾರು ನೀಲಿ ಕಣ್ಣು. 1982ರಲ್ಲಿ ಚಿಂಗ್‌ಡಾವ್‌ನ ಸಮುದ್ರವಿಜ್ಞಾನ ಸಂಸ್ಥೆಯ ಜಾಂಗ್ ಫೂಸುಯಿ ಅದನ್ನು ತಮ್ಮ ದೇಶಕ್ಕೆ ತಂದರು. ದಾರಿಯ ಆಯಾಸ ಕಳೆದು, ಹೊಸ ನೀರಿಗೆ ಒಗ್ಗಿ, ಮೊಟ್ಟೆಗೆ ಉಳಿದವು ಕೇವಲ 26. ಆ ಇಪ್ಪತ್ತಾರರ ಮಕ್ಕಳು ಮೊಮ್ಮಕ್ಕಳಿಂದಲೇ ಬೊಹಾಯ್ ಮತ್ತು ಹಳದಿ ಸಮುದ್ರದ ದಂಡೆಯಲ್ಲಿ ದೊಡ್ಡ ಉದ್ಯಮ ಎದ್ದಿತು. ವಸಂತದಲ್ಲಿ ಹ್ಯಾಚರಿಯಲ್ಲಿ ಹುಟ್ಟಿದ್ದು ಅದೇ ವರ್ಷ ಚಳಿ ಬಲಿಯುವ ಮೊದಲೇ ಮಾರಾಟಕ್ಕೆ ಸಿದ್ಧವಾಗುತ್ತಿತ್ತು. ದಶಕ ಕಳೆಯುವುದರೊಳಗೆ ವರ್ಷದ ಇಳುವರಿ ಹತ್ತಾರು ಸಾವಿರ ಟನ್ ಮುಟ್ಟಿತು. ಆಮೇಲೆ ಗಾತ್ರ ಕುಗ್ಗಿತು, ಸಾವು ಹೆಚ್ಚಿತು. 1997ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಯೊಂದರಲ್ಲಿ, ಅಮೆರಿಕದ ಮೂಲ ಬಳಗದಲ್ಲಿದ್ದ ವೈವಿಧ್ಯದ ಎಷ್ಟೋ ಪಾಲು ಚೀನಾದ ಸಾಕಣೆಯ ಬಳಗದಲ್ಲಿ ಕಳೆದುಹೋಗಿರುವುದು ಕಂಡಿತು. ಅಮೆರಿಕ, ಕೆನಡಾಗಳಿಂದ ಮತ್ತೆ ಹೊಸ ತಾಯ್ತಂದೆಗಳನ್ನು ತರಿಸಿ, ಉತ್ತರದ ಬಳಗಕ್ಕೂ ದಕ್ಷಿಣದ ಬಳಗಕ್ಕೂ ಕೂಡಿಸಿ ನೋಡುವ ಕೆಲಸ ಶುರುವಾದದ್ದು ಈ ಹಿನ್ನೆಲೆಯಲ್ಲಿ.

— ಸಾವು ಹೆಚ್ಚಿತು ಅಂದಿರಿ. ಅದಕ್ಕೆ ರಕ್ತಸಂಬಂಧವೇ ಕಾರಣ ಅಂತ ಹೇಗೆ ಹೇಳುತ್ತೀರಿ? ಕೊಲ್ಲಿಯ ತುಂಬ ಬಲೆ ಇಳಿಬಿಟ್ಟರೆ ಇದ್ದ ಮೇವು ಯಾರಿಗೂ ಸಾಲದು. ನೀರು ಬಿಸಿಯಾದರೆ ಸಾಯುತ್ತವೆ, ರೋಗ ಬಂದರೆ ಸಾಯುತ್ತವೆ. ಕಿಕ್ಕಿರಿದು ಸಾಕಿದವರ ತಪ್ಪನ್ನು ವಂಶವಾಹಿಯ ಮೇಲೆ ಹೊರಿಸಿದ ಹಾಗಾಗಲಿಲ್ಲವೇ?

— ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ದಟ್ಟಣೆಯಿಂದಲೂ ಬಿಸಿಯಿಂದಲೂ ಸತ್ತವು ಅಲ್ಲಿ ಬೇಕಾದಷ್ಟಿವೆ. ತಳಿ ಬದಲಿಸಿದ ಮಾತ್ರಕ್ಕೆ ಅಂಥ ಸಾವು ನಿಲ್ಲುವುದಿಲ್ಲ. ಅದಕ್ಕೇ ಕೊಲ್ಲಿಯಲ್ಲಿ ಸತ್ತದ್ದನ್ನು ಎಣಿಸಿ ಯಾರೂ ಈ ತೀರ್ಮಾನಕ್ಕೆ ಬರಲಿಲ್ಲ. ಪ್ರಯೋಗದ ಕ್ರಮವೇ ಬೇರೆ. ಒಂದೇ ದಿನ, ಒಂದೇ ನೀರು, ಒಂದೇ ಮೇವು, ತೊಟ್ಟಿಗೆ ಇಷ್ಟೇ ಮರಿ ಅಂತ ಲೆಕ್ಕ. ಒಂದು ತೊಟ್ಟಿಯಲ್ಲಿ ಮೊದಲ ಬಳಗದ ಶುದ್ಧ ಸಂತಾನ, ಇನ್ನೊಂದರಲ್ಲಿ ಎರಡನೇ ಬಳಗದ ಶುದ್ಧ ಸಂತಾನ, ಮೂರನೆಯದರಲ್ಲಿ ಮೊದಲ ಬಳಗದ ತಾಯಿಗೂ ಎರಡನೆಯದರ ತಂದೆಗೂ ಹುಟ್ಟಿದ್ದು, ನಾಲ್ಕನೆಯದರಲ್ಲಿ ತಾಯ್ತಂದೆ ಅದಲುಬದಲು. ಈ ನಾಲ್ಕನ್ನೂ ಮರಿಯಿಂದ ಮಾರಾಟದ ಗಾತ್ರದವರೆಗೆ ಅಳೆಯುತ್ತ ಹೋದಾಗ ಉಳಿಯುವ ವ್ಯತ್ಯಾಸ ದಟ್ಟಣೆಯದೂ ಅಲ್ಲ, ಬಿಸಿಯದೂ ಅಲ್ಲ. ಬೇ ಸ್ಕ್ಯಾಲಪ್‌ನಲ್ಲಿ ಈ ಕೆಲಸಕ್ಕೆ ತುಂಬ ನಾಜೂಕಾದ ಕೈ ಬೇಕು. ಅದು ಒಡಲೊಂದರಲ್ಲೇ ಗಂಡೂ ಹೆಣ್ಣೂ ಆದ ಜೀವಿ. ಚಿಪ್ಪು ತೆರೆದು ನೋಡಿದರೆ ಒಂದೇ ಗ್ರಂಥಿಯ ಒಂದು ಭಾಗ ಕೆನೆಬಣ್ಣ, ಇನ್ನೊಂದು ಭಾಗ ಕಿತ್ತಳೆಗೆಂಪು. ಸಾಮಾನ್ಯವಾಗಿ ಮೊದಲು ರೇತಸ್ಸು ಬಿಡುತ್ತದೆ. ನೀರು ಹಾಲಿನ ಹೊಗೆ ಹರಡಿದಂತೆ ಬೆಳ್ಳಗಾಗುತ್ತದೆ. ಆಮೇಲೆ ಮೊಟ್ಟೆ. ಆ ಮಧ್ಯದ ಹೊತ್ತಿನಲ್ಲಿ ಪ್ರಾಣಿಯನ್ನು ತೊಳೆದು, ಪಾತ್ರೆಯಿಂದ ಪಾತ್ರೆಗೆ ದಾಟಿಸಿ, ಶುದ್ಧ ನೀರಿನಲ್ಲಿ ಬಿಡದಿದ್ದರೆ ತನ್ನ ಮೊಟ್ಟೆಗೆ ತಾನೇ ತಂದೆಯಾಗಿಬಿಡುತ್ತದೆ. ಹಾಗೆ ಸ್ವಂತ ಕೂಡುವಿಕೆಯಿಂದ ಹುಟ್ಟಿದವನ್ನೂ ಬೇಕೆಂದೇ ಸಾಕಿ ನೋಡಿದ್ದಾರೆ. ಅವು ನಿಧಾನವಾಗಿ ಬೆಳೆದವು, ಹೆಚ್ಚು ಸತ್ತವು. ನೀರೂ ಮೇವೂ ಒಂದೇ ಆಗಿರುವಾಗ ದೋಷವನ್ನು ಬೇರೆ ಎಲ್ಲಿ ಹುಡುಕುವುದು?

— ಸರಿ, ಹತ್ತಿರದ ಸಂಬಂಧ ಕೆಟ್ಟದ್ದು. ನಮ್ಮಲ್ಲೂ ಸೋದರಮಾವನ ಮದುವೆಯ ಬಗ್ಗೆ ಡಾಕ್ಟರರು ಅದನ್ನೇ ಹೇಳುತ್ತಾರೆ. ಆದರೆ ದೂರದ ಎರಡು ಬಳಗ ಕೂಡಿದರೆ ಮಕ್ಕಳು ತಾಯ್ತಂದೆ ಇಬ್ಬರನ್ನೂ ಮೀರಿ ಬೆಳೆಯುತ್ತವೆ ಅನ್ನುವುದು ಹೇಗೆ?

— ಡಾಕ್ಟರರ ಮಾತಿನಲ್ಲೇ ಇದಕ್ಕೂ ಉತ್ತರವಿದೆ. ಪ್ರತಿ ಜೀವಿಯಲ್ಲೂ ಅಡಗಿ ಕೂತ ದೋಷಗಳಿರುತ್ತವೆ. ಒಂದು ಕಡೆಯಿಂದ ಕೆಟ್ಟ ಪ್ರತಿ ಬಂದರೂ ಇನ್ನೊಂದು ಕಡೆಯಿಂದ ಒಳ್ಳೆಯ ಪ್ರತಿ ಬಂದಿದ್ದರೆ ಕೆಲಸ ನಡೆಯುತ್ತದೆ. ಎರಡೂ ಕಡೆಯಿಂದ ಒಂದೇ ಕೆಟ್ಟ ಪ್ರತಿ ಬಂದರೆ ಮರಿ ಉಳಿಯುವುದಿಲ್ಲ. ಸಿಂಪಿಯ ವಿಷಯದಲ್ಲಿ ಈ ಹೊರೆ ಬೆರಗಾಗುವಷ್ಟು ಭಾರ. ಕ್ಯಾಲಿಫೋರ್ನಿಯಾದ ಡೆನಿಸ್ ಹೆಜ್‌ಕಾಕ್ ಮತ್ತು ಜೊತೆಗಾರರು ಪೆಸಿಫಿಕ್ ಸಿಂಪಿಯ ಮೇಲೆ ವರ್ಷಗಟ್ಟಲೆ ದುಡಿದು ತೋರಿಸಿದ್ದು ಇದನ್ನೇ: ಕಡಲಿನಿಂದ ತಂದ ಆರೋಗ್ಯವಂತ ಸಿಂಪಿ ಕೂಡ ಕಡೆಯಪಕ್ಷ ಎಂಟಾದರೂ ಪ್ರಾಣಾಂತಿಕ ದೋಷಗಳನ್ನು ಮರೆಯಲ್ಲಿ ಹೊತ್ತಿರುತ್ತದೆ. ಕೋಟಿಗಟ್ಟಲೆ ಮೊಟ್ಟೆ ತಯಾರಾಗುವಾಗ ಕೋಶ ಒಡೆದು ಒಡೆದು ನಕಲಾಗಬೇಕು. ನಕಲು ಹೆಚ್ಚಿದಷ್ಟೂ ತಪ್ಪು ಹೆಚ್ಚು. ಇಬ್ಬರು ಒಡಹುಟ್ಟಿದವರನ್ನು ಕೂಡಿಸಿದಾಗ ಆ ಮರೆಯಲ್ಲಿದ್ದದ್ದು ಹೊರಗೆ ಬರುತ್ತದೆ. ತೇಲುವ ಮರಿ ಈಜು ನಿಲ್ಲಿಸಿ, ಹಳೆಯ ಚಿಪ್ಪಿಗೋ ಕಲ್ಲಿಗೋ ಅಂಟಿಕೊಂಡು ಸಿಂಪಿಯ ರೂಪ ತಾಳುವ ಹಂತವಿದೆಯಲ್ಲ, ಹೆಚ್ಚಿನವು ಸಾಯುವುದು ಅಲ್ಲೇ. ಬೇರೆ ಬೇರೆ ಮನೆತನದವರು ಕೂಡಿದರೆ ಒಬ್ಬರ ದೋಷವನ್ನು ಇನ್ನೊಬ್ಬರ ಒಳ್ಳೆಯ ಪ್ರತಿ ಮುಚ್ಚುತ್ತದೆ. ಹೆಜ್‌ಕಾಕ್ ತಂಡ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳಸಂಬಂಧದಿಂದ ಸೊರಗಿದ ಸಿಂಪಿ ಮನೆತನಗಳನ್ನು ಒಂದಕ್ಕೊಂದು ಕೂಡಿಸಿದಾಗ ಮಕ್ಕಳು ತಾಯ್ತಂದೆಗಳನ್ನು ಮೀರಿ ಬೆಳೆದವು. ಅಂಥ ಮಿಶ್ರತಳಿ ಸಿಂಪಿ ಹೆಚ್ಚು ನೀರು ಸೋಸಿ ಹೆಚ್ಚು ತಿನ್ನುತ್ತದೆ, ಒಡಲನ್ನು ಸುಮ್ಮನೆ ನಡೆಸಿಕೊಂಡು ಹೋಗಲು ಕಡಿಮೆ ಶಕ್ತಿ ಸುಡುತ್ತದೆ. ಉಳಿದದ್ದು ಮಾಂಸವಾಗಿ ಕೂಡುತ್ತದೆ. 1908ರಲ್ಲಿ ಜಾರ್ಜ್ ಶಲ್ ಮೆಕ್ಕೆಜೋಳದ ಹೊಲದಲ್ಲಿ ಕಂಡದ್ದೂ ಇದೇ ಹುರುಪು.

— ಹಾಗಾದರೆ ದೂರದ್ದು ಯಾವುದಾದರೂ ಆದೀತು. ಸಿಕ್ಕ ಸಿಕ್ಕ ಬಳಗಗಳನ್ನು ಬೆರೆಸುತ್ತ ಹೋದರೆ ಮುಗಿಯಿತಲ್ಲ?

— ಇಲ್ಲ, ಅಲ್ಲೇ ಹಲವರು ಎಡವುವುದು. ದೂರಕ್ಕೂ ಒಂದು ಮಿತಿಯಿದೆ. ಅಮೆರಿಕದ ಪೂರ್ವ ಕರಾವಳಿಯ ಸಿಂಪಿಗೂ ಪೆಸಿಫಿಕ್ ಸಿಂಪಿಗೂ ಕೂಡಿಸಿದರೆ ಮೊಟ್ಟೆ ಫಲಿಸುತ್ತದೆ, ಮರಿ ಈಜುತ್ತದೆ, ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಎಲ್ಲ ಸಾಯುತ್ತವೆ. ಬೇ ಸ್ಕ್ಯಾಲಪ್‌ಗೆ ಪೆರು ದೇಶದ ಸ್ಕ್ಯಾಲಪ್ಪನ್ನು ಕೂಡಿಸಿದಾಗ ಮಾತ್ರ ಗೆಲುವು ಸಿಕ್ಕಿತು. ಚಿಂಗ್‌ಡಾವ್‌ನಲ್ಲಿ ಅದರಿಂದ ಬೊಹಾಯ್ ರೆಡ್ ಎಂಬ ದೊಡ್ಡ ಗಾತ್ರದ ತಳಿಯೇ ಎದ್ದಿತು. ಎರಡೂ ಬೇರೆ ಬೇರೆ ಜಾತಿಗಳ ಕೂಡಿಕೆಯೇ. ಒಂದು ಸತ್ತಿತು, ಒಂದು ಗೆದ್ದಿತು. ಕೂಡಿಸಿ ನೋಡುವ ಮೊದಲೇ ಇದನ್ನು ಹೇಳಬಲ್ಲ ಸೂತ್ರ ಇನ್ನೂ ಯಾರ ಕೈಯಲ್ಲೂ ಇಲ್ಲ. ಒಂದೇ ಜಾತಿಯೊಳಗಿನ ಎರಡು ಕೊಲ್ಲಿಗಳ ಬಳಗ ಬೆರೆಸುವುದು ಇದಕ್ಕಿಂತ ಸುರಕ್ಷಿತ ದಾರಿ. ಚೀನಾದಲ್ಲಿ ಅಬಲೋನ್ ಎಂಬ ಚಿಪ್ಪುಜೀವಿಯ ಸಾಕಣೆ ಕಳೆದ ಶತಮಾನದ ಕೊನೆಯಲ್ಲಿ ಸಾಮೂಹಿಕ ಸಾವಿನಿಂದ ನೆಲಕಚ್ಚಿದಾಗ, ಜಾಂಗ್ ಗುವೊಫಾನ್ ಮತ್ತು ಸಂಗಡಿಗರು ಡಾಲಿಯನ್‌ನ ಬಳಗಕ್ಕೂ ಜಪಾನಿನ ಇವಾಟೆಯ ಬಳಗಕ್ಕೂ ಕೂಡಿಸಿದರು. ಜಾತಿ ಒಂದೇ, ಕಡಲು ಬೇರೆ. ಆ ಮಿಶ್ರ ಸಂತಾನ ಬದುಕುಳಿದು ಬೆಳೆದದ್ದರಿಂದಲೇ ಉದ್ಯಮ ಮತ್ತೆ ಎದ್ದು ನಿಂತಿತು. ಆದರೂ ಒಂದು ಎಚ್ಚರಿಕೆ ಬೇಕು. ಸೊರಗಿದ ಸಾಕಣೆ ಬಳಗಕ್ಕೆ ಹೊಸ ರಕ್ತ ಬಂದರೆ ಲಾಭ ಎದ್ದು ಕಾಣುತ್ತದೆ. ಎರಡೂ ಆರೋಗ್ಯವಾಗಿರುವ ಕಾಡು ಬಳಗಗಳಾದರೆ ಲಾಭ ಅಷ್ಟಕ್ಕಷ್ಟೆ, ಕೆಲವೊಮ್ಮೆ ಇಲ್ಲವೇ ಇಲ್ಲ. ತಾಯಿ ಯಾವ ಕಡೆಯವಳು ಅನ್ನುವುದರ ಮೇಲೂ ಫಲ ಬದಲಾಗುತ್ತದೆ. ಉಪ್ಪು ಕಡಿಮೆಯಾದ ನೀರಲ್ಲಿ ಮೇಲಾದದ್ದು ಉಪ್ಪು ಹೆಚ್ಚಾದ ನೀರಲ್ಲೂ ಮೇಲಾಗಬೇಕಿಲ್ಲ.

— ನನ್ನ ಅಸಲು ಭಯ ಇನ್ನೂ ಹೇಳಿಲ್ಲ. ಬೇರೆ ಕಡಲಿನ ಜೀವಿ ತಂದರೆ ಅದರ ಜೊತೆ ರೋಗವೂ ಬರುವುದಿಲ್ಲವೇ?

— ಬರುತ್ತದೆ, ಬಂದಿದೆ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಅಪ್ರಾಮಾಣಿಕ. 1957ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ, ಎರಡು ವರ್ಷದ ತರುವಾಯ ಚೆಸಪೀಕ್ ಕೊಲ್ಲಿಯಲ್ಲಿ, ಎಂಎಸ್ಎಕ್ಸ್ ಎಂಬ ರೋಗ ಸಿಂಪಿಗಳ ರಾಶಿಗಳನ್ನೇ ಕೊಂದಿತು. ಆ ರೋಗ ತರುವ ಪರಾವಲಂಬಿ ಏಷ್ಯಾದ ಕಡೆಯ ಪೆಸಿಫಿಕ್ ಸಿಂಪಿಯಿಂದ ಬಂದದ್ದೆಂದು 2000ರಲ್ಲಿ ಡಿಎನ್‌ಎ ಸಾಕ್ಷ್ಯ ಹೇಳಿತು. ಯುರೋಪಿನ ಚಪ್ಪಟೆ ಸಿಂಪಿಯನ್ನು ಹಾಳುಗೆಡವಿದ ಬೊನಾಮಿಯಾ ರೋಗವೂ ಸಾಗಾಟದ ಸಿಂಪಿಗಳ ಜೊತೆಗೇ ದಾಟಿದ್ದು. ಹಾಗಾಗಿ ತಂದ ತಾಯ್ತಂದೆಯನ್ನು ಕಡಲಿಗೆ ಇಳಿಸಲೇ ಕೂಡದು. ಅವನ್ನು ಪ್ರತ್ಯೇಕ ಕೊಠಡಿಯಲ್ಲಿಟ್ಟು, ಹೊರಹೋಗುವ ನೀರಿನ ಹನಿಹನಿಯನ್ನೂ ಶುದ್ಧಮಾಡಿ, ಅಲ್ಲೇ ಹುಟ್ಟಿದ ಮರಿಗಳನ್ನು ಪರೀಕ್ಷಿಸಿ ಅವನ್ನಷ್ಟೇ ಹೊರಗೆ ಬಿಡಬೇಕು. ಉತ್ತರ ಅಟ್ಲಾಂಟಿಕ್ ದೇಶಗಳ ಸಮುದ್ರ ಸಂಶೋಧನಾ ಮಂಡಳಿ 1973ರಿಂದಲೂ ಹೇಳುತ್ತ ಬಂದಿರುವುದು ಇದನ್ನೇ. ಈ ಖರ್ಚು ಭರಿಸಲಾಗದ ಹ್ಯಾಚರಿ ಹೊರಗಿನ ಜೀವಿಯನ್ನು ಮುಟ್ಟಬಾರದು; ತನ್ನ ಕರಾವಳಿಯ ಎರಡು ಅಳಿವೆಗಳ ಬಳಗಗಳಲ್ಲೇ ಕೆಲಸ ಮಾಡಲಿ.

— ರೋಗ ತಡೆದಿರಿ ಅಂತ ಇಟ್ಟುಕೊಳ್ಳೋಣ. ಮೊಟ್ಟೆಗೆ ಬೇಲಿ ಹಾಕಲು ಆಗುತ್ತದೆಯೇ, ಮಾರಾಯ್ರೆ? ಬಲೆಯೊಳಗಿನ ಮಿಶ್ರತಳಿ ನೀರಿಗೆ ಬೀಜ ಚೆಲ್ಲುತ್ತದೆ, ಪಕ್ಕದ ಕಾಡು ಸಿಂಪಿಯ ಬೀಜದೊಡನೆ ಬೆರೆಯುತ್ತದೆ. ಸಾವಿರಾರು ವರ್ಷ ಆ ನೀರಿಗೆ ಹೊಂದಿಕೊಂಡ ಬಳಗ ಹತ್ತೇ ವರ್ಷದಲ್ಲಿ ಕಲಸಿಹೋಗುತ್ತದೆ.

— ಈ ಆಕ್ಷೇಪಣೆಗೆ ನಾನು ಪೂರ್ತಿ ತಲೆಬಾಗುತ್ತೇನೆ, ಯಾಕೆಂದರೆ ನನ್ನ ವಾದದ ತಿರುಳೂ ಇಲ್ಲೇ ಇದೆ. ಮಿಶ್ರತಳಿಯ ಹುರುಪು ಮೊದಲ ಪೀಳಿಗೆಯದು. ಆ ಮಕ್ಕಳನ್ನೇ ಮತ್ತೆ ಮತ್ತೆ ಕೂಡಿಸಿದರೆ, ಮುಚ್ಚಿದ್ದ ದೋಷಗಳು ಜೋಡಿಯಾಗಿ ಹೊರಬೀಳುತ್ತವೆ, ಒಟ್ಟಾಗಿ ದುಡಿಯಲು ಒಗ್ಗಿದ್ದ ವಂಶವಾಹಿಗಳ ಜತೆ ಚದುರುತ್ತದೆ. ಕ್ಯಾಲಿಫೋರ್ನಿಯಾ ತೀರದ ಬಂಡೆಗುಂಡಿಗಳಲ್ಲಿ ಬದುಕುವ ಟಿಗ್ರಿಯೋಪಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಯಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ: ದೂರದ ಎರಡು ಗುಂಡಿಗಳ ಬಳಗ ಬೆರೆತಾಗ ಮೊದಲ ಪೀಳಿಗೆ ಗಟ್ಟಿ, ಎರಡನೆಯದು ಕುಸಿತ. ಬಂಜೆ ಸಿಂಪಿ ಒಂದು ಉಪಾಯ. ಸ್ಟ್ಯಾಂಡಿಶ್ ಅಲೆನ್ ಮತ್ತು ಜೊತೆಗಾರರು ಬೆಳೆಸಿದ, ಎರಡರ ಬದಲು ಮೂರು ಕಂತೆ ವರ್ಣತಂತುಗಳಿರುವ ಸಿಂಪಿ ಬಹುಮಟ್ಟಿಗೆ ಬೀಜ ಚೆಲ್ಲುವುದಿಲ್ಲ. ಬೀಜಕ್ಕೆ ಹೋಗಬೇಕಾದ ಶಕ್ತಿ ಮಾಂಸಕ್ಕೆ ಹೋಗುವುದರಿಂದ ಬೇಗ ದಪ್ಪವಾಗುತ್ತದೆ ಕೂಡ. ಕಾಡು ಬಳಗದ ಹತ್ತಿರ ಮಿಶ್ರತಳಿ ಸಾಕುವವರು ಅದನ್ನೇ ಸಾಕಲಿ. ಆದರೆ ಬಂಜೆಯನ್ನು ಹುಟ್ಟಿಸುವುದಕ್ಕೂ ಬೀಜವಿರುವ ತಾಯ್ತಂದೆ ಬೇಕಲ್ಲ. ಯಾವ ದಾರಿಯಿಂದ ಹೊರಟರೂ ಕೊನೆಗೆ ತಾಯ್ತಂದೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಬೆರೆಸುವುದು ಒಂದು ಮಧ್ಯಾಹ್ನದ ಕೆಲಸ. ಬೆರೆಸಲು ಎರಡು ಬೇರೆ ಬೇರೆ ಬಳಗಗಳನ್ನು ಬೇರೆಯಾಗಿಯೇ ಉಳಿಸಿಕೊಂಡು ಬರುವುದು ತಲೆಮಾರುಗಳ ಕೆಲಸ. ಎಲ್ಲರೂ ಬೆರೆಸುವುದನ್ನು ಕಲಿತರು. ಉಳಿಸುವ ಹೊಣೆ ಯಾರದೆಂದು ಮಾತ್ರ ಹೆಚ್ಚಿನ ಕಡೆ ಗೊತ್ತುಮಾಡಿಕೊಂಡಿಲ್ಲ.

— ಅದನ್ನು ಗೊತ್ತುಮಾಡಿಕೊಂಡವರು ಎಲ್ಲಾದರೂ ಇದ್ದಾರೆಯೇ?

— ದೂರ ಹೋಗಬೇಕಿಲ್ಲ, ನಮ್ಮ ರೇಷ್ಮೆಯನ್ನು ನೋಡಿ. ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ಗೂಡು ಮಿಶ್ರತಳಿ. ತಾಯಿ ಹಳೆಯ ಮೈಸೂರು ತಳಿ. ಗಾತ್ರ ಸಣ್ಣದು, ನೂಲು ಕಡಿಮೆ, ಆದರೆ ನಮ್ಮ ಬಿಸಿಲಿಗೂ ರೋಗಕ್ಕೂ ಜಗ್ಗದ್ದು. ತಂದೆ ದ್ವಿತಳಿ (ಬೈವೋಲ್ಟೈನ್), ನೂಲು ಉದ್ದ, ಜೀವ ನಾಜೂಕು. ಇಬ್ಬರ ಮೊದಲ ಪೀಳಿಗೆಯೇ ರೈತನ ಬೆಳೆ. ಆ ಬೆಳೆಯ ಗೂಡಿನಿಂದ ಚಿಟ್ಟೆ ಹೊರಡಿಸಿ ಮತ್ತೆ ಮೊಟ್ಟೆ ಮಾಡಿಕೊಳ್ಳಲು ಯಾವ ರೈತನೂ ಹೋಗುವುದಿಲ್ಲ. ಪ್ರತಿ ಬೆಳೆಗೂ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯ ಮೊಟ್ಟೆಯೋ ಎಳೆಯ ಚಾಕಿ ಹುಳುವೋ ಬರಬೇಕು. ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ವಲಯದಲ್ಲಿ ಮೈಸೂರು ತಳಿಯನ್ನು ಶುದ್ಧವಾಗಿ ಸಾಕುವ ರೈತರಿದ್ದಾರೆ. ಅವರ ಬಿತ್ತನೆ ಗೂಡಿಗೆ ಪ್ರತ್ಯೇಕ ಮಾರುಕಟ್ಟೆ, ಪ್ರತ್ಯೇಕ ಬೆಲೆ. ಇದರ ಹಿಂದೆ 1959ರ ರೇಷ್ಮೆ ಬಿತ್ತನೆ ಕಾಯ್ದೆ ನಿಂತಿದೆ. ಬರೀ ನೂಲಿನ ಲೆಕ್ಕ ಹಾಕಿದ್ದರೆ ಮೈಸೂರು ತಳಿ ಎಂದೋ ಮರೆಯಾಗಿರುತ್ತಿತ್ತು. ತಾಯಿಯಾಗಿ ಬೇಕು ಅನ್ನುವ ಒಂದೇ ಕಾರಣಕ್ಕೆ ಅದು ಇಂದಿಗೂ ಉಳಿದಿದೆ. ಚಿಪ್ಪುಜೀವಿಗಳ ಹ್ಯಾಚರಿಗಳಲ್ಲಿ ನಡೆಯುವುದು ಬಹುತೇಕ ಇದರ ಉಲ್ಟಾ: ಸಾಕಣೆಯ ಬಲೆಯಿಂದಲೇ ದಪ್ಪನೆಯದನ್ನು ಆರಿಸಿ ಮುಂದಿನ ಮೊಟ್ಟೆಗೆ ಇಡುತ್ತಾರೆ. ಮಾರುಕಟ್ಟೆಯ ಗೂಡಿನಿಂದ ಬಿತ್ತನೆ ಮಾಡಿದ ಹಾಗೆ.

— ಇದರಲ್ಲಿ ರೈತನ ಕೈ ಕಟ್ಟಿದ ಹಾಗಾಗುವುದಿಲ್ಲವೇ? 1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ವರಲಕ್ಷ್ಮಿ ಹತ್ತಿ ತಂದಾಗ ಇಳುವರಿ ಏರಿತು ನಿಜ, ಆದರೆ ಹೈಬ್ರಿಡ್ ಬಂದಮೇಲೆ ಪ್ರತಿ ವರ್ಷ ಬೀಜ ಕೊಳ್ಳಲೇಬೇಕಾಯಿತು. ಬೀಜ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಬೇಸಾಯ. ಕಡಲಿಗೂ ಅದೇ ಗತಿ ತರಬೇಕೇ?

— ಮೂಲ ಬಳಗಗಳು ಖಾಸಗಿ ತೊಟ್ಟಿಯೊಳಗೆ ಸೇರಿಕೊಂಡರೆ ಖಂಡಿತ ಅದೇ ಗತಿ. ಅದಕ್ಕೇ ತಾಯ್ತಂದೆಗಳ ಪಾಲನೆ ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಇರಬೇಕು ಅನ್ನುವುದು. ಬೀಜ ಕೊಳ್ಳುವುದರಲ್ಲಿ ತಪ್ಪಿಲ್ಲ. ಮೂಲ ಒಬ್ಬನ ಸ್ವತ್ತಾದರೆ ಮಾತ್ರ ಕೇಡು. ಇನ್ನೊಂದು ಮಾತು. ಪಾಲನೆ ಅಂದರೆ ತೊಟ್ಟಿಯೇ ಆಗಬೇಕಿಲ್ಲ, ಕಾಡು ದಂಡೆಯೇ ಎಲ್ಲಕ್ಕಿಂತ ದೊಡ್ಡ ಬಿತ್ತನೆ ಕೋಠಿ. ಡೆಲವೇರ್ ಕೊಲ್ಲಿಯಲ್ಲಿ ಎಂಎಸ್ಎಕ್ಸ್ ಬಡಿದಾಗ ರಟ್ಗರ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಹ್ಯಾಸ್ಕಿನ್ ಮಾಡಿದ್ದು ಇಷ್ಟೆ: ಸತ್ತ ರಾಶಿಯ ನಡುವೆ ಬದುಕಿ ಉಳಿದವನ್ನು ಹುಡುಕಿ ತಂದು ಅವುಗಳಿಂದ ಮರಿ ಮಾಡಿಸಿದರು. ರೋಗ ತಡೆಯುವ ತಳಿ ಬೆಳೆದದ್ದು ಅಲ್ಲಿಂದ. ಆ ಗುಣವನ್ನು ಯಾವ ಪ್ರಯೋಗಾಲಯವೂ ಸೃಷ್ಟಿಸಲಿಲ್ಲ. ರೋಗ ಬರುವ ಮೊದಲೇ ಅದು ಆ ದಂಡೆಯ ಕೆಲವು ಸಿಂಪಿಗಳೊಳಗೆ ಇತ್ತು. ಅಂದು ಕಾಡು ದಂಡೆ ಮೊದಲೇ ಬರಿದಾಗಿದ್ದರೆ, ಅಥವಾ ಇಪ್ಪತ್ತಾರರ ಸಂತಾನದಂತೆ ಒಂದೇ ಮನೆತನದ್ದಾಗಿದ್ದರೆ, ಹ್ಯಾಸ್ಕಿನ್ ಹುಡುಕಲು ಏನೂ ಇರುತ್ತಿರಲಿಲ್ಲ.

— ಹಾಗಾದರೆ ನಮ್ಮ ಕರಾವಳಿಯವರು ಮಾಡಬೇಕಾದ್ದೇನು? ಇಲ್ಲಿ ಬಳಚು, ನೀಲಿಕಲ್ಲು ಎಂಬ ಚಿಪ್ಪುಜೀವಿಗಳು ಬರುವುದು ಹ್ಯಾಚರಿಯಿಂದಲ್ಲ, ಅಳಿವೆಯ ಕೆಸರಿನಿಂದ, ಬಂಡೆಯಿಂದ.

— ಅದು ನಮಗಿರುವ ಅನುಕೂಲ. ಕೆಡಿಸಿಕೊಂಡವರು ಮತ್ತೆ ಕಟ್ಟಲು ಹೆಣಗುತ್ತಿರುವುದು ನಮ್ಮಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದರ ಅಳಿವೆ 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಾಳಿ, ಶರಾವತಿಗಳ ಮೇಲೆ ಅಣೆಕಟ್ಟುಗಳಿವೆ, ಅಲ್ಲಿ ಸಿಹಿನೀರು ಬರುವ ಹದವೇ ಬೇರೆ. ಉಪ್ಪಿನ ಹದ ಬೇರೆಯಾದ ನೀರಲ್ಲಿ ಬೇರೆ ಗುಣದ ಬಳಗ ಇರಬಹುದು. ಇದ್ದರೆ ಅದು ಮುಂದೊಂದು ದಿನ ತಾಯಿಯಾಗಿಯೋ ತಂದೆಯಾಗಿಯೋ ಬೇಕಾದೀತು. ಹಾಗಾಗಿ ಒಂದು ಅಳಿವೆಯ ಮರಿಯನ್ನು ಇನ್ನೊಂದಕ್ಕೆ ಸುರಿಯುವ ಯೋಜನೆ ಬಂದರೆ, ಮೊದಲು ಎರಡೂ ಕಡೆಯ ಬಳಗಗಳನ್ನು ಪರೀಕ್ಷೆ ಮಾಡಿಸಿ ಅಂತ ಕೇಳಬೇಕು. ಸುರಿದಮೇಲೆ ಬೇರ್ಪಡಿಸಲು ಬರುವುದಿಲ್ಲ. ಬಳಚು ತೆಗೆಯುವವರಲ್ಲಿ ನನ್ನದು ಇದಕ್ಕಿಂತ ಸಣ್ಣ ಕೋರಿಕೆ. ಇಳಿತದ ಹೊತ್ತಿಗೆ ಕೆಸರಿಗೆ ಕೈ ಹಾಕಿದಾಗ ಬೆರಳಿಗೆ ಸಿಗುವ ತೀರ ಸಣ್ಣ ಚಿಪ್ಪುಗಳಿಗೆ ಪೇಟೆಯಲ್ಲಿ ಬೆಲೆಯೂ ಕಡಿಮೆ, ಒಳಗೆ ಮಾಂಸವೂ ಕಡಿಮೆ. ಅವನ್ನು ಬುಟ್ಟಿಗೆ ಹಾಕದೆ ಅಲ್ಲೇ ಬಿಡಿ, ಒಂದು ಸಲವಾದರೂ ಮೊಟ್ಟೆ ಹಾಕಲಿ.